ಶರೀರದ ಹಕ್ಕು ಮತ್ತು ತೂಕದ ಚಿಂತೆ

ಟೈಫಾಯಿಡ್ ಜ್ವರದಿಂದ ಎದ್ದ ಮಗುವನ್ನು ನಮ್ಮ ಮನೆಗಳಲ್ಲಿ ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ನಿಮಗೆ ತಿಳಿದಿದೆ. ಜ್ವರ ಬಿಟ್ಟಿತೆಂದು ಮರುದಿನವೇ ಅದನ್ನು ಬಿಸಿಲಿಗೆ ಆಡಲು ಕಳುಹಿಸುವುದಿಲ್ಲ. ಕೆಲವು ವಾರ ಗಂಜಿ, ಸಾರು, ವಿಶ್ರಾಂತಿ ಎಂದು ತಾಯಿ ಕಾವಲು ಕಾಯುತ್ತಾಳೆ. ರೋಗ ಹೋಗುವುದು ಬೇರೆ, ದೇಹಕ್ಕೆ ಬಲ ಬರುವುದು ಬೇರೆ ಎಂಬ ಅರಿವು ನಮ್ಮ ಹಿರಿಯರಿಗೂ ಇತ್ತು.

ಆದರೆ ಊಟಕ್ಕೆ ಸಂಬಂಧಿಸಿದ ಮನೋರೋಗದಿಂದ ಗುಣಮುಖರಾದವರ ವಿಷಯದಲ್ಲಿ ನಾವು ಈ ಅರಿವನ್ನು ಮರೆಯುತ್ತೇವೆ. ವರ್ಷಗಟ್ಟಲೆ ಊಟ ಬಿಟ್ಟು ಸೊರಗಿದ್ದ ಅಥವಾ ತಿಂದುದನ್ನು ಗುಟ್ಟಾಗಿ ವಾಂತಿ ಮಾಡುತ್ತಿದ್ದ ಹೆಣ್ಣುಮಗಳು ಚಿಕಿತ್ಸೆ ಪಡೆದು ಎಲ್ಲರೊಂದಿಗೆ ಕುಳಿತು ಉಣ್ಣತೊಡಗುತ್ತಾಳೆ. ಮೈ ಸ್ವಲ್ಪ ತುಂಬಿಕೊಳ್ಳುತ್ತದೆ. ಆಗ ಮನೆಗೆ ಬಂದವರು, “ಈಗ ತುಸು ಜಾಸ್ತಿಯೇ ಆಯಿತು, ಇನ್ನು ಕಡಿಮೆ ಮಾಡಿಕೊ” ಎನ್ನುತ್ತಾರೆ. ಆಕೆಯ ಮನಸ್ಸಿನಲ್ಲೂ ಅದೇ ಪ್ರಶ್ನೆ ಇರುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಮಂಡಿನೋವಿನ ಕಾರಣದಿಂದ ತೂಕ ಇಳಿಸುವುದು ನಿಜವಾಗಿಯೂ ಅಗತ್ಯವಾಗಿರುತ್ತದೆ. ಅಂಥವರು ಏನು ಮಾಡಬೇಕು? ಹಳೆಯ ರೋಗ ಮರುಕಳಿಸದಂತೆ ತೂಕವನ್ನು ಹತೋಟಿಗೆ ತರುವುದು ಹೇಗೆ? ನಮ್ಮ ಕುಟುಂಬಗಳಲ್ಲಿ ಬಾಯಿಬಿಟ್ಟು ಚರ್ಚಿಸದ ಈ ವಿಷಯವನ್ನು ಇಲ್ಲಿ ಪರಿಶೀಲಿಸೋಣ.

ಇದು ಹಟವಲ್ಲ, ರೋಗ

ಇಂತಹ ಕಾಯಿಲೆಗಳಿಗೆ ವೈದ್ಯರು ‘ಈಟಿಂಗ್ ಡಿಸಾರ್ಡರ್’ ಎನ್ನುತ್ತಾರೆ. ಇವುಗಳಲ್ಲಿ ಮುಖ್ಯವಾದವು ಮೂರು. ದಪ್ಪಗಾಗುವ ಭಯದಿಂದ ಊಟವನ್ನು ತ್ಯಜಿಸುತ್ತಾ ಹೋಗುವುದು ‘ಅನೊರೆಕ್ಸಿಯಾ ನರ್ವೋಸಾ’. ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಒಮ್ಮೆಲೇ ಹತೋಟಿ ತಪ್ಪಿ ತಿಂದು, ಅದನ್ನು ವಾಂತಿಯಿಂದಲೋ ಭೇದಿ ಮಾತ್ರೆಯಿಂದಲೋ ಕಠಿಣ ಉಪವಾಸದಿಂದಲೋ ಕಳೆಯಲು ಯತ್ನಿಸುವುದು ‘ಬುಲಿಮಿಯಾ ನರ್ವೋಸಾ’. ಇದನ್ನು ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ವಿವರಿಸಿದರು. ಮೂರನೆಯದು ವಾಂತಿಯಾಗಲಿ ಭೇದಿಯಾಗಲಿ ಇಲ್ಲದೆ, ಹತೋಟಿ ತಪ್ಪಿ ತಿಂದು ಬಳಿಕ ನಾಚಿಕೆಯಿಂದ ಕುಗ್ಗುವ ‘ಬಿಂಜ್ ಈಟಿಂಗ್’. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಇದು 2013ರಲ್ಲಿ ಪ್ರತ್ಯೇಕ ರೋಗವಾಗಿ ಸೇರಿತು.

ಇವು ಶ್ರೀಮಂತರ ಚಟಗಳೆಂದೋ, ಈಮಾನಿನ ಕೊರತೆಯೆಂದೋ, ಜಿನ್ನ್ ಬಾಧೆಯೆಂದೋ ತಿಳಿಯುವವರಿದ್ದಾರೆ. ಇದು ತಪ್ಪು. ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಂಡುಬಂದರೂ ಗಂಡುಮಕ್ಕಳನ್ನೂ ಇವು ಬಿಡುವುದಿಲ್ಲ. ಪದೇ ಪದೇ ವಾಂತಿ ಮಾಡುವುದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗಿ ಹೃದಯದ ಬಡಿತವೇ ತಪ್ಪಬಹುದು. ಹಲ್ಲಿನ ಮೇಲ್ಪದರ ಕರಗುತ್ತದೆ. ದೀರ್ಘಕಾಲ ಊಟ ಬಿಟ್ಟವರ ಮೂಳೆಗಳು ಟೊಳ್ಳಾಗುತ್ತವೆ, ಮುಟ್ಟು ನಿಲ್ಲುತ್ತದೆ. ಇವು ಪ್ರಾಣವನ್ನೇ ಕಸಿಯಬಲ್ಲ ರೋಗಗಳು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿಯನ್ನು ಇಳಿಸಿರುವನೆಂದೂ ಆದುದರಿಂದ ಚಿಕಿತ್ಸೆ ಪಡೆಯಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿರುವರು. ಮನಸ್ಸಿನ ರೋಗವನ್ನು ಈ ಆದೇಶದಿಂದ ಹೊರಗಿಡಲು ನಮಗೆ ಯಾವ ಆಧಾರವೂ ಇಲ್ಲ.

ಹಸಿವೆ ಕಲಿಸಿದ ಪಾಠ

ತೂಕ ಇಳಿಸಬೇಕೆಂದಾಗ ಹೆಚ್ಚಿನವರಿಗೆ ಮೊದಲು ಹೊಳೆಯುವ ದಾರಿ ಊಟ ಬಿಡುವುದು. ಗುಣಮುಖರಾದವರಿಗೆ ಇದಕ್ಕಿಂತ ಅಪಾಯಕಾರಿಯಾದ ದಾರಿ ಇನ್ನೊಂದಿಲ್ಲ. ಇದರ ಕಾರಣವನ್ನು ಅರಿಯಲು ಒಂದು ಹಳೆಯ ಪ್ರಯೋಗವನ್ನು ನೋಡಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯ ಮೇರೆಗೆ, ಸುಮಾರು ಆರು ತಿಂಗಳು ಅರೆಹೊಟ್ಟೆಯ ಆಹಾರವನ್ನು ನೀಡಿದರು. ಯುದ್ಧದಿಂದ ಹಸಿದ ಜನರಿಗೆ ಮತ್ತೆ ಹೇಗೆ ಉಣಿಸಬೇಕು ಎಂಬುದನ್ನು ತಿಳಿಯುವುದು ಅದರ ಉದ್ದೇಶವಾಗಿತ್ತು. ಆ ಯುವಕರು ತಮ್ಮ ತೂಕದ ಸುಮಾರು ಕಾಲು ಭಾಗವನ್ನು ಕಳೆದುಕೊಂಡರು. ಅವರಲ್ಲಿ ಯಾರಿಗೂ ಮೊದಲು ಮನೋರೋಗವಿರಲಿಲ್ಲ. ಆದರೆ ಹಸಿವೆ ಮುಂದುವರಿದಂತೆ ಅವರು ಹಗಲಿರುಳು ಊಟದ ಬಗ್ಗೆಯೇ ಯೋಚಿಸತೊಡಗಿದರು. ಅಡುಗೆ ಪುಸ್ತಕಗಳನ್ನು ಓದಿದರು. ಸಿಡುಕು, ಖಿನ್ನತೆ, ಏಕಾಂತದ ಬಯಕೆ ಅವರನ್ನು ಆವರಿಸಿತು. ಮತ್ತೆ ಊಟ ದೊರೆತಾಗ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವೆ ತೀರಲಿಲ್ಲ ಎಂದರು.

ಆರೋಗ್ಯವಂತರಿಗೇ ಹೀಗಾದರೆ, ಆ ರೋಗದಿಂದ ಈಗಷ್ಟೇ ಎದ್ದವರ ಗತಿ ಏನಾಗಬಹುದು? ಬೆಳಿಗ್ಗೆ ಬಿಟ್ಟ ಊಟ ಸಂಜೆ ಎರಡು ಪಟ್ಟಾಗಿ ಬರುತ್ತದೆ. ಹತೋಟಿ ತಪ್ಪಿ ತಿಂದ ಬಳಿಕ ನಾಚಿಕೆ, ನಾಚಿಕೆಯಿಂದ ವಾಂತಿ ಅಥವಾ ಮತ್ತೆ ಊಟ ಬಿಡುವ ಶಪಥ, ಆ ಶಪಥದಿಂದ ಇನ್ನಷ್ಟು ಹಸಿವೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. ಹೊರಗಿನವರು ಇದನ್ನು ಹೊಟ್ಟೆಬಾಕತನ ಎನ್ನುತ್ತಾರೆ. ವಾಸ್ತವದಲ್ಲಿ ಇದು ಹಸಿದ ದೇಹದ ಕೂಗು.

ಶರೀರಕ್ಕೂ ಹಕ್ಕಿದೆ

ಆಹಾರದ ವಿಷಯದಲ್ಲಿ ಇಸ್ಲಾಮಿನ ಬೋಧನೆಯೆಂದೊಡನೆ ನಮಗೆ ನೆನಪಾಗುವುದು ಹೊಟ್ಟೆಯ ಮೂರರಲ್ಲೊಂದು ಭಾಗ ಊಟಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ ವಚನ. ತಿರ್ಮಿದಿ ಮತ್ತು ಇಬ್ನು ಮಾಜಃ ಇದನ್ನು ವರದಿ ಮಾಡಿರುವರು. ಅತಿಯಾಗಿ ತಿನ್ನುವುದರ ವಿರುದ್ಧ ಇದೊಂದು ಅಮೂಲ್ಯ ಉಪದೇಶ. ಆದರೆ ನಮ್ಮ ವೇದಿಕೆಗಳಲ್ಲಿ ಇದನ್ನು ಹೇಳುವಷ್ಟು ಸಲ ಇದರ ಇನ್ನೊಂದು ಮಗ್ಗುಲನ್ನು ಹೇಳುವುದಿಲ್ಲ.

ಹ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ದಿನವೂ ಉಪವಾಸವಿದ್ದು ರಾತ್ರಿಯಿಡೀ ನಮಾಝ್ ಮಾಡುತ್ತಿರುವ ಸುದ್ದಿ ಪ್ರವಾದಿವರ್ಯರಿಗೆ(ಸ) ತಲುಪಿತು. ಅವರನ್ನು ಕರೆಸಿ, ಹಾಗೆ ಮಾಡಬಾರದೆಂದು ತಡೆದು, ಶರೀರಕ್ಕೆ, ಕಣ್ಣುಗಳಿಗೆ, ಪತ್ನಿಗೆ, ಅತಿಥಿಗೆ ಅವರ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರು. ಹ. ಅಬುದ್ದರ್ದಾ(ರ) ಐಚ್ಛಿಕ ಉಪವಾಸದಲ್ಲಿದ್ದಾಗ ಅತಿಥಿಯಾಗಿ ಬಂದ ಹ. ಸಲ್ಮಾನ್(ರ), ನೀವು ಉಣ್ಣದೆ ನಾನು ಉಣ್ಣಲಾರೆನೆಂದು ಪಟ್ಟುಹಿಡಿದು ಅವರನ್ನು ಜೊತೆಯಲ್ಲಿ ಕೂರಿಸಿಕೊಂಡರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಸಲ್ಮಾನರ ಮಾತು ಸರಿಯೆಂದರು. ಇವೆರಡೂ ಸಹೀಹ್ ಬುಖಾರಿಯಲ್ಲಿವೆ. ಆರಾಧನೆಯ ಹೆಸರಿನಲ್ಲಿಯೂ ಶರೀರವನ್ನು ಸೊರಗಿಸಲು ಅನುಮತಿ ಇಲ್ಲದಿರುವಾಗ, ಕನ್ನಡಿಗಾಗಿ ಸೊರಗಿಸಲು ಅನುಮತಿ ಎಲ್ಲಿಂದ ಬರಬೇಕು?

ಶರೀರವು ನಮ್ಮ ಬಳಿಯಿರುವ ಅಮಾನತ್. ಬೊಜ್ಜು ಬೆಳೆಯಲು ಬಿಟ್ಟು ರೋಗವನ್ನು ಆಹ್ವಾನಿಸುವುದೂ ಆ ಅಮಾನತ್‌ಗೆ ಮಾಡುವ ದ್ರೋಹ, ಹಸಿವೆಯಿಂದ ಅದನ್ನು ಹಿಂಡುವುದೂ ದ್ರೋಹ. ಗುಣಮುಖರಾದವರು ಈ ಎರಡೂ ತುದಿಗಳ ನಡುವೆ ನಡೆಯಬೇಕಾಗಿದೆ.

ಮೊದಲ ಪ್ರಶ್ನೆ: ಇಳಿಸುವ ಅಗತ್ಯವಿದೆಯೇ?

ನೀವು ಈ ರೋಗದಿಂದ ಗುಣಮುಖರಾದವರಾಗಿದ್ದರೆ, ಹೇಗೆ ಇಳಿಸಲಿ ಎಂದು ಕೇಳುವ ಮೊದಲು ಇಳಿಸಬೇಕೇ ಎಂದು ಕೇಳಿರಿ. ಇದಕ್ಕೆ ಉತ್ತರವನ್ನು ಕನ್ನಡಿ ಕೊಡಲಾರದು, ನೆರೆಮನೆಯಾಕೆ ಕೊಡಲಾರಳು. ಏಕೆಂದರೆ ತನ್ನ ದೇಹವನ್ನು ಇದ್ದಂತೆ ನೋಡಲಾಗದಿರುವುದೇ ಈ ರೋಗದ ಒಂದು ಲಕ್ಷಣ. ರೋಗ ಹೋದರೂ ಕಣ್ಣಿನ ಈ ಮಂಜು ಸರಿಯಲು ಬಹಳ ಕಾಲ ಬೇಕಾಗುತ್ತದೆ.

ಊಟ ಬಿಟ್ಟು ಸೊರಗಿದ್ದವರಿಗೆ ಮರಳಿ ಬಂದ ತೂಕವೇ ಔಷಧಿ. ಮೊದಮೊದಲು ಅದು ಹೊಟ್ಟೆಯ ಸುತ್ತ ಹೆಚ್ಚಾಗಿ ಸೇರಿದಂತೆ ಕಾಣಬಹುದು, ಮುಖ ಮತ್ತು ಕಾಲುಗಳಲ್ಲಿ ನೀರು ತುಂಬಬಹುದು. ಆಗಲೇ ಇಳಿಸಲು ಹೊರಡುವುದು ಈಗತಾನೇ ಕಟ್ಟಿದ ಹಸಿಗೋಡೆಯನ್ನು ಕೆಡವಿದಂತೆ. ಮುಟ್ಟು ಸರಿಯಾಗಿ ಬಾರದವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ವಯಸ್ಸಿನ ಮಕ್ಕಳು, ಇನ್ನೂ ಆಗಾಗ ಹತೋಟಿ ತಪ್ಪಿ ತಿನ್ನುತ್ತಿರುವವರು ಅಥವಾ ವಾಂತಿ ಮಾಡುತ್ತಿರುವವರು ತೂಕ ಇಳಿಸುವ ಯೋಚನೆಯನ್ನೇ ಬದಿಗಿಡಬೇಕು. ಅವರಿಗೆ ಈಗ ಬೇಕಾಗಿರುವುದು ಪೂರ್ಣ ಚೇತರಿಕೆ.

ಇನ್ನು ಕಾರಣವನ್ನೂ ಪರೀಕ್ಷಿಸಿರಿ. ಸಕ್ಕರೆ ಏರಿದೆಯೆಂದೋ, ರಕ್ತದೊತ್ತಡ ಹೆಚ್ಚಿದೆಯೆಂದೋ, ಪಿಸಿಒಡಿ ಇದೆಯೆಂದೋ ವೈದ್ಯರು ಹೇಳಿದ್ದರೆ ಅದೊಂದು ಕಾರಣ. ಮುಂದಿನ ತಿಂಗಳು ಹೆಣ್ಣು ನೋಡಲು ಬರುವವರಿದ್ದಾರೆ ಎಂಬುದು ಆರೋಗ್ಯದ ಕಾರಣವಲ್ಲ. ಅವಸರದ ಗಡುವು ಇದ್ದಲ್ಲಿ ಹಳೆಯ ರೋಗವೂ ಬಾಗಿಲ ಬಳಿ ಕಾದಿರುತ್ತದೆ.

ವೈದ್ಯರ ಬಳಿ ಹೋದಾಗ ಒಂದು ವಿಷಯವನ್ನು ಮರೆಮಾಚಬೇಡಿ. ಸಕ್ಕರೆ ಕಾಯಿಲೆಯ ವೈದ್ಯರಿಗೆ ನಿಮ್ಮ ಹಿಂದಿನ ಮನೋರೋಗ ಗೊತ್ತಿರುವುದಿಲ್ಲ. “ಹತ್ತು ಕಿಲೋ ಇಳಿಸಿ ಬನ್ನಿ” ಎಂದು ಅವರು ಎಲ್ಲರಿಗೂ ಹೇಳುವಂತೆ ನಿಮಗೂ ಹೇಳಬಹುದು. ನಾಚಿಕೆಪಡದೆ, “ನನಗೆ ಹಿಂದೆ ಈಟಿಂಗ್ ಡಿಸಾರ್ಡರ್ ಇತ್ತು, ಚಿಕಿತ್ಸೆ ಪಡೆದಿದ್ದೇನೆ” ಎಂದು ತಿಳಿಸಿರಿ. ಸಾಧ್ಯವಿದ್ದರೆ ಮನೋವೈದ್ಯರು ಮತ್ತು ಆಹಾರತಜ್ಞರು ಇಬ್ಬರ ಒಪ್ಪಿಗೆಯನ್ನೂ ಪಡೆಯಿರಿ. ಥೈರಾಯ್ಡ್ ದೋಷ ಅಥವಾ ಸೇವಿಸುತ್ತಿರುವ ಯಾವುದಾದರೂ ಔಷಧಿಯಿಂದಲೂ ತೂಕ ಏರುವುದುಂಟು. ಅಂತಹ ಕಡೆ ಊಟವನ್ನು ದೂರಿ ಫಲವಿಲ್ಲ.

ಇಳಿಸುವುದಾದರೆ ಹೇಗೆ?

ವೈದ್ಯರು ಅಗತ್ಯವಿದೆ ಎಂದ ಬಳಿಕ ಈ ಕೆಳಗಿನ ವಿಷಯಗಳನ್ನು ಗಮನದಲ್ಲಿಡಿ.

ಒಂದು: ಹೊತ್ತಿಗೆ ಸರಿಯಾಗಿ ಉಣ್ಣಿರಿ. ಕೇಳಲು ವಿಚಿತ್ರವೆನಿಸಬಹುದು, ಆದರೆ ಈ ದಾರಿಯಲ್ಲಿ ಮೊದಲ ಹೆಜ್ಜೆ ಊಟ ಬಿಡದಿರುವುದು. ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸಾ ಕ್ರಮದ ಬುನಾದಿಯೇ ಇದು: ದಿನಕ್ಕೆ ಮೂರು ಊಟ, ನಡುವೆ ಎರಡು ಲಘು ಉಪಾಹಾರ, ಎರಡರ ನಡುವೆ ಸುಮಾರು ನಾಲ್ಕು ತಾಸಿಗಿಂತ ಹೆಚ್ಚು ಅಂತರವಿಲ್ಲದಂತೆ. ಹೊಟ್ಟೆಗೆ ಮುಂದಿನ ಊಟದ ಭರವಸೆ ಇದ್ದಾಗ ಅದು ರಾತ್ರಿ ದಾಳಿ ಮಾಡುವುದಿಲ್ಲ. ಹಿಂದಿನ ದಿನ ಹೆಚ್ಚು ತಿಂದಿದ್ದರೂ ಮರುದಿನದ ಬೆಳಗಿನ ತಿಂಡಿಯನ್ನು ಬಿಡಬಾರದು. ಗಾಣ ಮತ್ತೆ ತಿರುಗತೊಡಗುವುದೇ ಆ ಬಿಟ್ಟ ತಿಂಡಿಯಿಂದ.

ಎರಡು: ಹಲಾಲ್ ಆದುದನ್ನು ನಿಮಗೆ ನೀವೇ ಹರಾಮ್ ಮಾಡಿಕೊಳ್ಳಬೇಡಿ. ಅಲ್ಲಾಹನು ಹಲಾಲ್ ಮಾಡಿರುವ ಉತ್ತಮ ವಸ್ತುಗಳನ್ನು ನಿಷಿದ್ಧಗೊಳಿಸಿಕೊಳ್ಳದಂತೆಯೂ ಮೇರೆ ಮೀರದಂತೆಯೂ ಪವಿತ್ರ ಕುರ್‌ಆನ್ (ಸೂರಃ ಅಲ್ ಮಾಇದಃ, 87) ಒಟ್ಟಿಗೇ ಎಚ್ಚರಿಸುತ್ತದೆ. ಅನ್ನ ವಿಷ, ತುಪ್ಪ ವಿಷ ಎಂದು ಪಟ್ಟಿ ಮಾಡುವ ಮನಸ್ಸು ಕೊನೆಗೆ ಬರೀ ಸೌತೆಕಾಯಿಯ ಮೇಲೆ ಬಂದು ನಿಲ್ಲುತ್ತದೆ. ಮದುವೆಯ ಮನೆಯಲ್ಲಿ ಎಲ್ಲರೊಂದಿಗೆ ಕುಳಿತು ಒಂದು ತಟ್ಟೆ ಬಿರಿಯಾನಿ ಸಮಾಧಾನದಿಂದ ಉಂಡು ಎದ್ದವರು, ಏನೂ ಬೇಡವೆಂದು ಬಂದು ಮಧ್ಯರಾತ್ರಿ ಅಡುಗೆಮನೆಯಲ್ಲಿ ನಿಂತು ತಿಂದವರಿಗಿಂತ ಸುರಕ್ಷಿತರು.

ಮೂರು: ಅಳತೆಗಿಂತ ಬಗೆಯನ್ನು ಬದಲಿಸಿರಿ. ಮೀನು, ಮೊಟ್ಟೆ, ಬೇಳೆ, ಹೆಸರುಕಾಳು, ಮೊಸರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಪ್ರತಿ ಊಟದಲ್ಲೂ ಇವುಗಳಲ್ಲೊಂದು ಇರಲಿ. ತರಕಾರಿ, ಸೊಪ್ಪು ತಟ್ಟೆಯಲ್ಲಿ ಎದ್ದು ಕಾಣುವಷ್ಟಿರಲಿ. ಕುಚ್ಚಲಕ್ಕಿ ಅನ್ನ, ರಾಗಿಮುದ್ದೆ, ಜೋಳದ ರೊಟ್ಟಿ ನಿಮ್ಮ ಊರಿನ ರೂಢಿಯಂತೆ ಇರಲಿ. ಕಡಿಮೆ ಮಾಡಲು ಸುಲಭವಾದುದು ದಿನಕ್ಕೆ ಐದಾರು ಸಲದ ಸಿಹಿ ಚಹಾ, ಬಾಟಲಿಯ ತಂಪು ಪಾನೀಯ, ಬೇಕರಿಯ ತಿಂಡಿ ಮತ್ತು ದಿನವೂ ಕರಿದ ಪದಾರ್ಥ. ಗ್ರಾಂ ಲೆಕ್ಕ, ಕ್ಯಾಲೊರಿ ಲೆಕ್ಕ, ಮೊಬೈಲಿನಲ್ಲಿ ತುತ್ತು ಎಣಿಸುವುದು ನಿಮಗೆ ಬೇಡ. ಇತರರಿಗೆ ಅದು ಸಾಧನವಾಗಬಹುದು, ನಿಮಗೆ ಹಳೆಯ ಸಂಕೋಲೆಯಾಗಬಹುದು.

ನಾಲ್ಕು: ನಡಿಗೆ ಶಿಕ್ಷೆಯಾಗದಿರಲಿ. ಮಸೀದಿಗೆ, ಅಂಗಡಿಗೆ, ಮಕ್ಕಳ ಶಾಲೆಗೆ ನಡೆದೇ ಹೋಗುವುದು, ಹೆಣ್ಣುಮಕ್ಕಳು ಇಬ್ಬರು ಮೂವರು ಸೇರಿ ಬೆಳಿಗ್ಗೆ ನಡೆಯುವುದು ಉತ್ತಮ ವ್ಯಾಯಾಮ. ಆದರೆ ತಿಂದುದಕ್ಕೆ ಪ್ರಾಯಶ್ಚಿತ್ತವೆಂಬಂತೆ ಜ್ವರವಿದ್ದರೂ ಓಡುವುದು ರೋಗದ ಗುರುತು. ಮೊದಲು ಈ ಗೀಳು ಇದ್ದವರು ವೈದ್ಯರನ್ನು ಕೇಳದೆ ವ್ಯಾಯಾಮ ಹೆಚ್ಚಿಸಬಾರದು.

ಐದು: ತೂಕದ ಯಂತ್ರ ಮನೆಯಲ್ಲಿ ಬೇಡ. ನೀರು, ಉಪ್ಪು, ಮುಟ್ಟಿನ ದಿನಗಳು ಇವುಗಳಿಂದಲೇ ತೂಕ ಒಂದೆರಡು ಕಿಲೋ ಏರಿಳಿಯುವುದುಂಟು. ದಿನವೂ ನೋಡುವವರಿಗೆ ಅದು ಬರೀ ಮನಃಕ್ಲೇಶ. ವಾರಕ್ಕೆ ಒಮ್ಮೆಗಿಂತ ಹೆಚ್ಚು ಬೇಡ, ಅದನ್ನೂ ಚಿಕಿತ್ಸಾಲಯದಲ್ಲಿ ನೋಡಿಸಿಕೊಳ್ಳುವುದು ಲೇಸು. ತೂಕ ಹೆಚ್ಚಿರುವವರು ಅದರ ಶೇಕಡಾ 5ರಿಂದ 10ರಷ್ಟು ಇಳಿಸಿದರೂ ಸಕ್ಕರೆ ಮತ್ತು ರಕ್ತದೊತ್ತಡದಲ್ಲಿ ಒಳ್ಳೆಯ ಬದಲಾವಣೆ ಕಾಣುತ್ತದೆ. ಅದಕ್ಕೆ ಹಲವು ತಿಂಗಳುಗಳೇ ಹಿಡಿಯಲಿ. ತೂಕ ಇಳಿಯದಿದ್ದರೂ ಸಕ್ಕರೆ ಇಳಿದಿದ್ದರೆ, ನಿದ್ದೆ ಬರುತ್ತಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಾರದಿದ್ದರೆ ನೀವು ಗೆದ್ದಿದ್ದೀರಿ.

ಆರು: ಪುಡಿ, ಚಹಾ, ಚುಚ್ಚುಮದ್ದುಗಳ ಆಕರ್ಷಣೆಗೆ ಬೀಳಬೇಡಿ. ‘ಸ್ಲಿಮ್ಮಿಂಗ್ ಟೀ’ ಎಂದು ಮಾರುವ ಅನೇಕ ಪೊಟ್ಟಣಗಳಲ್ಲಿ ಸೋನಾಮುಖಿ ಎಲೆ ಇರುತ್ತದೆ. ಇದೇ ಎಲೆಯನ್ನು ‘ಸನಾ ಮಕ್ಕಿ’ ಎಂಬ ಹೆಸರಿನಲ್ಲಿ, ಹದೀಸ್‌ನಲ್ಲಿ ಉಲ್ಲೇಖವಿದೆಯೆಂದು ಹೇಳಿ ಮಾರುವವರೂ ಇದ್ದಾರೆ. ಹದೀಸ್‌ನಲ್ಲಿ ಅದರ ಪ್ರಸ್ತಾಪವಿರುವುದು ಭೇದಿಗೆ ನೀಡುವ ಔಷಧಿಯಾಗಿ. ಅದನ್ನು ದಿನವೂ ಕುಡಿದರೆ ಕೊಬ್ಬು ಕರಗುವುದಿಲ್ಲ, ನೀರು ಮತ್ತು ಲವಣ ಹೊರಟುಹೋಗಿ ಹೃದಯಕ್ಕೆ ಅಪಾಯವಾಗುತ್ತದೆ. ಪ್ರವಾದಿವರ್ಯರ(ಸ) ಹೆಸರನ್ನು ಹಿಡಿದು ಪ್ರವಾದಿವರ್ಯರು(ಸ) ಹೇಳದಿರುವ ಕೆಲಸಕ್ಕೆ ಅದನ್ನು ಬಳಸುವುದು ನ್ಯಾಯವಲ್ಲ. ಈಗ ಪ್ರಚಾರದಲ್ಲಿರುವ ತೂಕ ಇಳಿಸುವ ಚುಚ್ಚುಮದ್ದುಗಳನ್ನೂ ಹಿಂದಿನ ರೋಗದ ವಿವರ ತಿಳಿದ ವೈದ್ಯರ ಸಲಹೆಯಿಲ್ಲದೆ ಮುಟ್ಟಬಾರದು.

ರಮಝಾನ್ ಬಂದಾಗ

ನಮ್ಮ ಕುಟುಂಬಗಳಲ್ಲಿ ಈ ವಿಷಯದ ಅತ್ಯಂತ ಸೂಕ್ಷ್ಮವಾದ ಭಾಗ ಇದು. ಉಪವಾಸವು ಅಲ್ಲಾಹನ ಸಂತೃಪ್ತಿಗಾಗಿ ಇರುವ ಆರಾಧನೆ. ಅದರಿಂದ ತಕ್ವಾ ಬೆಳೆಯಬೇಕು. ತೂಕ ಇಳಿಸುವುದನ್ನೇ ಗುರಿಯಾಗಿಟ್ಟುಕೊಂಡು ಹಿಡಿಯುವ ಉಪವಾಸವು ಹೊರಗಿನಿಂದ ಒಂದೇ ರೀತಿ ಕಂಡರೂ ಅದರ ನಿಯ್ಯತ್ ಬೇರೆ. ಗುಣಮುಖರಾದವರು ಸೋಮವಾರ, ಗುರುವಾರದ ಐಚ್ಛಿಕ ಉಪವಾಸಗಳನ್ನು ಹಠಾತ್ತನೆ ಹೆಚ್ಚಿಸಿದರೆ ತಮ್ಮ ಮನಸ್ಸನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು: ತೂಕ ಒಂದಿಷ್ಟೂ ಇಳಿಯದೆಂದು ಖಚಿತವಾಗಿದ್ದರೆ ಈ ಉಪವಾಸವನ್ನು ನಾನು ಹಿಡಿಯುತ್ತಿದ್ದೆನೇ?

ರೋಗಿಗಳಿಗೆ ರಮಝಾನಿನ ಉಪವಾಸದಿಂದ ವಿನಾಯಿತಿ ಇದೆಯೆಂದೂ ಬೇರೆ ದಿನಗಳಲ್ಲಿ ಅದನ್ನು ಪೂರ್ತಿಗೊಳಿಸಬಹುದೆಂದೂ ಸೂರಃ ಅಲ್ ಬಕರಃದ 184 ಮತ್ತು 185ನೇ ವಚನಗಳು ಸ್ಪಷ್ಟಪಡಿಸುತ್ತವೆ. ಅಲ್ಲಾಹನು ನಮಗೆ ಸರಾಗವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂಬ ಆಶಯ ಬಂದಿರುವುದೂ ಇದೇ ಸಂದರ್ಭದಲ್ಲಿ. ರೋಗ ಹೆಚ್ಚುವ ಅಥವಾ ಗುಣವಾಗುವುದು ತಡವಾಗುವ ಭಯವಿದ್ದರೂ ಈ ವಿನಾಯಿತಿ ಇದೆಯೆಂದು ಫಿಕ್ಹ್ ವಿದ್ವಾಂಸರು ವಿವರಿಸಿರುವರು. ಗುಣವಾಗುವ ನಿರೀಕ್ಷೆಯಿರುವವರು ಮುಂದೆ ಕಝಾ ಮಾಡಬೇಕು, ಗುಣವಾಗುವ ನಿರೀಕ್ಷೆಯೇ ಇಲ್ಲದವರು ಫಿದ್ಯ ನೀಡಬೇಕು. ಈ ರೋಗವು ಕಣ್ಣಿಗೆ ಕಾಣದಿರುವುದರಿಂದ, “ನೋಡಲು ಚೆನ್ನಾಗಿಯೇ ಇದ್ದಾಳಲ್ಲ” ಎಂದು ಮನೆಯವರು ತೀರ್ಪು ನೀಡಬಾರದು. ಮನೋವೈದ್ಯರ ಅಭಿಪ್ರಾಯವನ್ನು ಮುಂದಿಟ್ಟು ನಿಮ್ಮ ಊರಿನ ಆಲಿಮ್ ಒಬ್ಬರಲ್ಲಿ ವಿಚಾರಿಸಿ ರಮಝಾನ್ ಬರುವ ಮೊದಲೇ ತೀರ್ಮಾನಿಸಿರಿ.

ವೈದ್ಯರು ಒಪ್ಪಿದರೆ ಮಾತ್ರ ಉಪವಾಸ ಹಿಡಿಯಿರಿ. ಆಗ ಸಹರಿಯನ್ನು ಬಿಡಲೇಬಾರದು. ಸಹರಿಯಲ್ಲಿ ಬರ್ಕತ್ ಇದೆಯೆಂದು ಪ್ರವಾದಿವರ್ಯರು(ಸ) ಹೇಳಿರುವರು, ಇಫ್ತಾರ್ ಇಲ್ಲದೆ ದಿನಗಳನ್ನು ಜೋಡಿಸಿ ಉಪವಾಸವಿರುವುದನ್ನು ಸಹಾಬಿಗಳಿಗೆ ತಡೆದಿರುವರು. ಇಫ್ತಾರಿನಲ್ಲಿ ಖರ್ಜೂರ, ನೀರು, ಸ್ವಲ್ಪ ಗಂಜಿ ಸೇವಿಸಿ ಮಗ್ರಿಬ್ ನಮಾಝಿನ ಬಳಿಕ ಕುಳಿತು ಉಣ್ಣಿರಿ, ತರಾವೀಹ್ ಬಳಿಕ ಇನ್ನೊಂದು ಲಘು ಆಹಾರ ಇರಲಿ. ಇಫ್ತಾರಿನ ಬಳಿಕ ಹತೋಟಿ ತಪ್ಪಿ ತಿನ್ನುವುದು ಅಥವಾ ವಾಂತಿ ಮಾಡುವ ತುಡಿತ ಕಾಣಿಸಿಕೊಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿರಿ. ಉಪವಾಸದಲ್ಲಿರುವಾಗ ತಾನಾಗಿ ಬಂದ ವಾಂತಿಯಿಂದ ಉಪವಾಸ ಮುರಿಯುವುದಿಲ್ಲ, ಉದ್ದೇಶಪೂರ್ವಕ ವಾಂತಿ ಮಾಡಿಕೊಂಡವರು ಕಝಾ ಮಾಡಬೇಕು ಎಂಬ ವಿಧಿಯೂ ನೆನಪಿರಲಿ. ಈ ವಿಧಿಯನ್ನು ಹೇಳಿ ಹೆದರಿಸಬಾರದು. ಹಾಗೆ ಮಾಡಿಕೊಂಡವರು ಚಿಕಿತ್ಸೆಗೆ ಅರ್ಹರೆಂದು ತಿಳಿಯಬೇಕು.

ಮನೆಯ ಹಿರಿಯರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ವಿನಾಯಿತಿ ಪಡೆದ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿ ಹಗಲು ಊಟವನ್ನು ಬಾಗಿಲು ಹಾಕಿಕೊಂಡು, ಬಚ್ಚಿಟ್ಟುಕೊಂಡು, ಅವಸರದಿಂದ ಮುಗಿಸುತ್ತಾರೆ. ಇತರರ ಉಪವಾಸಕ್ಕೆ ಮರ್ಯಾದೆ ಕೊಡುವುದು ಒಳ್ಳೆಯದೇ. ಆದರೆ ಗುಟ್ಟಾಗಿ ತಿನ್ನುವುದು, ತಿಂದು ನಾಚುವುದು ಈ ರೋಗದ ಬೇರುಗಳಾಗಿವೆ. ಆದುದರಿಂದ ತಾಯಿ ಅಥವಾ ಅತ್ತೆ ತಾವೇ ಹೊತ್ತಿಗೆ ಸರಿಯಾಗಿ ತಟ್ಟೆ ಬಡಿಸಿ, “ಕೂತು ನಿಧಾನವಾಗಿ ಉಣ್ಣು ಮಗಳೇ, ನಿನಗೆ ಅಲ್ಲಾಹನು ಕೊಟ್ಟ ವಿನಾಯಿತಿ ಇದು” ಎಂದು ಹೇಳಬೇಕು. ಈ ಒಂದು ಮಾತು ಎಷ್ಟೋ ಔಷಧಿಗಳಿಗೆ ಸಮಾನ.

ಮನೆಯವರ ನಾಲಗೆ

ಒಮ್ಮೆ ಹ. ಅಬ್ದುಲ್ಲಾಹ್ ಬಿನ್ ಮಸ್ಊದ್(ರ) ಮರ ಹತ್ತಿದಾಗ ಗಾಳಿಗೆ ಅವರ ಸಣಕಲು ಕಾಲುಗಳು ಕಂಡು ಜೊತೆಯಲ್ಲಿದ್ದವರು ನಕ್ಕರು. ಅಂತಿಮ ದಿನದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತ ಭಾರವಾಗಿರುವುವೆಂದು ಪ್ರವಾದಿವರ್ಯರು(ಸ) ಹೇಳಿದರು. ಮುಸ್ನದ್ ಅಹ್ಮದ್‌ನಲ್ಲಿರುವ ಈ ಘಟನೆಯನ್ನು ನಮ್ಮ ಪ್ರತಿಯೊಂದು ಮದುವೆ ಮನೆಯಲ್ಲಿಯೂ ನೆನಪಿಸಬೇಕಾಗಿದೆ. ಹ. ಆಇಶಾ(ರ) ಮತ್ತು ಪ್ರವಾದಿವರ್ಯರು(ಸ) ಓಟದ ಪಂದ್ಯ ಕಟ್ಟಿದ್ದು ನಿಮಗೆ ಗೊತ್ತಿರಬಹುದು. ಮೊದಲ ಸಲ ಆಇಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿದ ಬಳಿಕ ನಡೆದ ಪಂದ್ಯದಲ್ಲಿ ಪ್ರವಾದಿವರ್ಯರು(ಸ) ಗೆದ್ದು, ಇದು ಅಂದಿನದಕ್ಕೆ ಸಾಟಿ ಎಂದು ಹೇಳಿದರು. ಪತ್ನಿಯ ತೂಕ ಹೆಚ್ಚಿತ್ತು, ಜೊತೆಗೂಡಿ ಓಡುವ ಪ್ರೀತಿ ಕಡಿಮೆಯಾಗಿರಲಿಲ್ಲ. ತೂಕದ ಬಗ್ಗೆ ಒಂದು ಚುಚ್ಚುಮಾತೂ ಅಲ್ಲಿಲ್ಲ.

ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಸೂರಃ ಅಲ್ ಹುಜುರಾತ್‌ನ 11ನೇ ವಚನವು ನಿಷೇಧಿಸಿದೆ. “ಡ್ರಮ್ಮು”, “ಕಡ್ಡಿ” ಎಂದು ಪ್ರೀತಿಯಿಂದಲೇ ಕರೆಯುವುದೂ ಅದರಿಂದ ಹೊರತಲ್ಲ. “ತೂಕ ಇಳಿದಿದೆ, ಚೆಂದ ಕಾಣುತ್ತೀಯ” ಎಂಬ ಹೊಗಳಿಕೆಯೂ ಗುಣಮುಖರಾದವರಿಗೆ ವಿಷವಾಗಬಲ್ಲದು, ಏಕೆಂದರೆ ಆ ಹೊಗಳಿಕೆಯನ್ನು ಉಳಿಸಿಕೊಳ್ಳಲು ಮನಸ್ಸು ಮತ್ತೆ ಊಟವನ್ನೇ ಕಡಿಯುತ್ತದೆ. ತಟ್ಟೆಯನ್ನು ಕಣ್ಣಿಟ್ಟು ನೋಡುವುದು, ಪ್ರತಿ ತುತ್ತನ್ನೂ ಎಣಿಸುವುದು, ಅಕ್ಕತಂಗಿಯರೊಡನೆ ಹೋಲಿಸುವುದು ಬೇಡ. ಅವಳ ಓದು, ಕೆಲಸ, ನಗು ಇವುಗಳ ಬಗ್ಗೆ ಮಾತಾಡಿರಿ. ಮನೆಯವರೆಲ್ಲ ಒಂದೇ ಹೊತ್ತಿಗೆ, ಒಂದೇ ಬಗೆಯ ಅಡುಗೆಯನ್ನು ಉಣ್ಣಿರಿ. ಆಕೆಗೆ ಮಾತ್ರ ಪಥ್ಯ, ಉಳಿದವರಿಗೆ ಹಬ್ಬ ಎಂಬಂತಾಗದಿರಲಿ. ಗಂಡುಮಕ್ಕಳು ಜಿಮ್ ಸೇರಿ ಊಟ ಬಿಟ್ಟು ಪುಡಿಗಳ ಹಿಂದೆ ಬಿದ್ದಾಗಲೂ ಇದೇ ಎಚ್ಚರ ಇರಲಿ.

ರೋಗ ಮರಳುವ ಸೂಚನೆಗಳು

ತೂಕ ಇಳಿಸುವ ಪ್ರಯತ್ನದಲ್ಲಿರುವಾಗ ಈ ಕೆಳಗಿನವು ಕಂಡರೆ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು: ‘ಈಗಲೇ ತಿಂದೆ’ ಎಂಬ ನೆಪಗಳು ಹೆಚ್ಚುವುದು, ಊಟವಾದೊಡನೆ ಬಚ್ಚಲಿಗೆ ಹೋಗಿ ನಲ್ಲಿ ಬಿಡುವುದು, ಇತರರಿಗೆ ಬಗೆಬಗೆಯ ಅಡುಗೆ ಮಾಡಿ ತಾನು ಮುಟ್ಟದಿರುವುದು, ಪದೇ ಪದೇ ತೂಕ ನೋಡುವುದು, ಮುಟ್ಟು ತಪ್ಪುವುದು, ತಲೆಸುತ್ತು, ಸದಾ ಚಳಿ, ಜನರಿಂದ ದೂರವಾಗುವುದು. ಪ್ರಜ್ಞೆ ತಪ್ಪುವುದು, ಎದೆಬಡಿತ ಏರುಪೇರಾಗುವುದು, ವಾಂತಿಯಲ್ಲಿ ರಕ್ತ ಅಥವಾ ಬದುಕು ಸಾಕೆಂಬ ಮಾತು ಕಂಡರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಂಗಳೂರಿನ ನಿಮ್ಹಾನ್ಸ್, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಮತ್ತು ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿ ಇದಕ್ಕೆ ಸಲಹೆ ದೊರೆಯುತ್ತದೆ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದುಆ, ಕುರ್‌ಆನ್ ಪಾರಾಯಣ, ನಮಾಝ್ ಮನಸ್ಸಿಗೆ ಬಲ ನೀಡುತ್ತವೆ. ಅವು ಚಿಕಿತ್ಸೆಯ ಜೊತೆಗೆ ನಡೆಯಲಿ, ಚಿಕಿತ್ಸೆಯನ್ನು ತಡೆಯಲು ನೆಪವಾಗದಿರಲಿ. ಒಮ್ಮೆ ರೋಗ ಮರುಕಳಿಸಿತೆಂದರೆ ಎಲ್ಲವೂ ಮುಗಿಯಿತೆಂದಲ್ಲ. ಎಡವಿದವರು ಎದ್ದು ನಡೆಯುತ್ತಾರೆ, ಎರಡನೆಯ ಸಲ ದಾರಿಯೂ ಪರಿಚಿತವಾಗಿರುತ್ತದೆ.

ಸಹೋದರ ಸಹೋದರಿಯರೇ, ತೂಕದ ಯಂತ್ರವು ಶರೀರದ ಭಾರವನ್ನು ಮಾತ್ರ ಹೇಳಬಲ್ಲದು. ಈ ಶರೀರ ಎಷ್ಟು ನೋವನ್ನು ದಾಟಿ ಬಂದಿದೆ, ಎಷ್ಟು ಸಲ ಸೋತು ಮತ್ತೆ ಊಟದ ಮುಂದೆ ಬಿಸ್ಮಿಲ್ಲಾ ಹೇಳಿ ಕುಳಿತಿದೆ ಎಂಬುದನ್ನು ಅದು ಅಳೆಯಲಾರದು. ಗುಣಮುಖರಾದವರಿಗೆ ಚೇತರಿಕೆಯೇ ಮೊದಲ ಆಸ್ತಿ. ತೂಕ ಇಳಿಸುವುದು ಆ ಆಸ್ತಿಯನ್ನು ಒತ್ತೆಯಿಟ್ಟು ಮಾಡುವ ವ್ಯಾಪಾರವಾಗಬಾರದು. ಇಂದು ರಾತ್ರಿಯ ಊಟಕ್ಕೆ ನಿಮ್ಮ ಮನೆಯಲ್ಲಿ ಯಾರ ತಟ್ಟೆ ಬೇರೆಯಾಗಿದೆ, ಯಾರು ಕೊನೆಗೆ ಒಬ್ಬರೇ ಉಣ್ಣುತ್ತಾರೆ ಎಂದು ಒಮ್ಮೆ ನೋಡಿರಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಶರೀರದ ಹಕ್ಕನ್ನು ಅರಿತು ನಡೆಯುವ, ಒಬ್ಬರ ನೋವನ್ನು ಇನ್ನೊಬ್ಬರು ಅರಿಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.